ದಿನಕ್ಕೊಂದು ಹೊಸರುಚಿ ಎಂಬ ಹಟ

ಹೋದ ವಾರ ಕೊಟ್ಟ ಮಾತಿನ ಪ್ರಕಾರ ಇವತ್ತಿನ ಸರದಿ ಗುರೆಳ್ಳು ಚಟ್ನಿಪುಡಿಯದು. ಡಬ್ಬಿಯಲ್ಲಿ ಕೂತಿರುವ ಪುಡಿ ಇನ್ನೊಂದು ವಾರಕ್ಕೆ ಕೆಡುವುದಿಲ್ಲ, ಕಾಯಲಿ. ಅದಕ್ಕಿಂತ ಅವಸರದ ಸಂಗತಿಯೊಂದು ಬಂದು ಕೂತಿದೆ. ಮೊಬೈಲು ಹಿಡಿದು ಅಡುಗೆಮನೆಗೆ ಹೋದವರೆಲ್ಲ ಈಗ ಒಂದು ವ್ರತ ಹಿಡಿಯುತ್ತಿದ್ದಾರೆ: ಮೂವತ್ತು ದಿನ, ನೂರು ದಿನ, ಎದೆಗಾರಿಕೆ ಇದ್ದವರಾದರೆ ವರ್ಷವಿಡೀ, ದಿನಕ್ಕೊಂದು ಹೊಸ ಅಡುಗೆ ಮಾಡಿ, ಚಿತ್ರ ತೆಗೆದು, ನಾಲ್ಕು ಸಾಲು ಬರೆದು ಲೋಕದ ಮುಂದೆ ಇಡುವುದು. ಒಂದು ದಿನ ತಪ್ಪಿದರೆ ವ್ರತಭಂಗ. ಈ ಪಣದಲ್ಲಿ ಎರಡು ಷರತ್ತುಗಳಿವೆ; ಜನ ಅವೆರಡನ್ನೂ ಒಂದೇ ಎಂದುಕೊಂಡಿದ್ದಾರೆ. ದಿನವೂ ಬರೆಯಬೇಕು ಎನ್ನುವುದು ಒಂದು, ದಿನವೂ ಹೊಸದನ್ನು ಬರೆಯಬೇಕು ಎನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ. ವಾರಕ್ಕೊಮ್ಮೆ ಬರೆಯುವವನು ದಿನವೂ ಬರೆಯುವವರ ಮೇಲೆ ಕಲ್ಲೆಸೆದರೆ ಅದು ಹೊಟ್ಟೆಕಿಚ್ಚಿನಂತೆಯೇ ಕಾಣುತ್ತದೆ. ನನ್ನ ಜಗಳ ಎರಡನೆಯದರ ಜೊತೆ ಮಾತ್ರ.

ಈ ವ್ರತಕ್ಕೆ ಮೂಲಪುರಾಣ ಒಂದಿದೆ. 2002ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಜೂಲಿ ಪೊವೆಲ್ ಎಂಬ ಕಚೇರಿ ನೌಕರೆ, ಜೂಲಿಯಾ ಚೈಲ್ಡ್ ಮತ್ತು ಇಬ್ಬರು ಗೆಳತಿಯರು 1961ರಲ್ಲಿ ಹೊರತಂದ ಫ್ರೆಂಚ್ ಅಡುಗೆ ಪುಸ್ತಕವನ್ನು ಎದುರಿಗಿಟ್ಟುಕೊಂಡು, 365 ದಿನಗಳಲ್ಲಿ ಅದರ 524 ಪಾಕಗಳನ್ನು ಮಾಡಿ ಮುಗಿಸುವ ಪಣ ತೊಟ್ಟಳು. ಮುಗಿಸಿದಳು ಕೂಡ. ಅದು ಪುಸ್ತಕವಾಯಿತು, 2009ರಲ್ಲಿ ಸಿನಿಮಾ ಆಯಿತು, ಅಲ್ಲಿಂದ ಮುಂದೆ ಲೋಕದ ತುಂಬ ಅವಳ ಶಿಷ್ಯರು. ಆದರೆ ಆ ಹಿರಿಯ ಜೂಲಿಯಾ ಹೇಗೆ ಕೆಲಸ ಮಾಡುತ್ತಿದ್ದಳು ಎಂಬುದನ್ನು ಶಿಷ್ಯರು ಯಾರೂ ನೋಡಲಿಲ್ಲ. 1970ರಲ್ಲಿ ಬಂದ ಎರಡನೇ ಸಂಪುಟಕ್ಕಾಗಿ ಫ್ರೆಂಚ್ ಬ್ರೆಡ್ಡನ್ನು ಮನೆಯ ಒಲೆಯಲ್ಲಿ ಸರಿಯಾಗಿ ತರಿಸಲು ಅವಳೂ ಅವಳ ಗಂಡನೂ ಎರಡು ವರ್ಷ ಹೆಣಗಿದರು. ಬಳಸಿದ ಹಿಟ್ಟು 284 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 129 ಕೆ.ಜಿ. ಒಂದೇ ಬ್ರೆಡ್ಡು, ಎರಡು ವರ್ಷ. ಗುರು ಒಂದು ಪದಾರ್ಥದ ಮುಂದೆ ವರ್ಷಗಟ್ಟಲೆ ಕೂತಳು, ಶಿಷ್ಯೆ ಒಂದು ವರ್ಷದಲ್ಲಿ ಐನೂರು ಪದಾರ್ಥಗಳ ಮುಂದೆ ಹಾದುಹೋದಳು. ಜೂಲಿಯಾಗೆ ಈ ಸಾಹಸ ರುಚಿಸಲಿಲ್ಲವೆಂದು ಅವಳ ಸಂಪಾದಕಿ ಜೂಡಿತ್ ಜೋನ್ಸ್ ಮುಂದೆ ಹೇಳಿದ್ದುಂಟು. ಪೊವೆಲ್ ಚೆನ್ನಾಗಿ ಬರೆಯುತ್ತಿದ್ದಳು, ಅದು ಬೇರೆ ಮಾತು. ಜನ ಓದಿದ್ದು ಅವಳ ಫಜೀತಿಗಳನ್ನು. ಆ ಅಡುಗೆಗಳಲ್ಲಿ ಒಂದನ್ನಾದರೂ ಅವಳಿಂದ ಕಲಿತವರು ಎಷ್ಟು ಮಂದಿ ಇದ್ದಾರು?

ಇಲ್ಲಿಗೆ ಬರೋಣ. ರಾಯಚೂರು, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ದಿನವೂ ಒಂದು ಅಡುಗೆ ಆಗೇ ಆಗುತ್ತದೆ, ಅದು ಜೋಳದ ರೊಟ್ಟಿ. ಯಾರೂ ಪಣ ತೊಟ್ಟಿಲ್ಲ, ಯಾರೂ ದಿನ ಎಣಿಸುತ್ತಿಲ್ಲ. ಅದರಲ್ಲಿ ಬರೆಯುವುದಕ್ಕೆ ಏನಿದೆ ಎಂದು ಕೇಳುವವರು ಒಮ್ಮೆ ರೊಟ್ಟಿ ಬಡಿಯುವ ಕೊಣಮಗಿಯ ಹತ್ತಿರ ಕೂರಬೇಕು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ, ಹಾಗಾಗಿ ತಣ್ಣೀರಿಗೆ ಅದು ಒಗ್ಗೂಡುವುದಿಲ್ಲ. ಎಸರು ಕುದಿಯಬೇಕು. ಕುದಿನೀರು ಬಿದ್ದಲ್ಲಿ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟು ಮಿಕ್ಕ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಷ್ಟೂ ಜಿಗಿ ಬರುತ್ತದೆ. ಆಮೇಲೆ ಬಡಿಯುವುದು: ಒಂದು ಕೈ ಬಡಿಯುತ್ತಿದ್ದರೆ ರೊಟ್ಟಿ ತಾನೇ ತಿರುಗುತ್ತಿರಬೇಕು, ಅಂಚು ಸೀಳಬಾರದು, ನಡು ದಪ್ಪ ಉಳಿಯಬಾರದು. ಹಂಚಿಗೆ ಬಿದ್ದ ಮೇಲೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಹೊರಳಿಸಬೇಕು. ಮುಂಚೆ ಹೊರಳಿಸಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ, ಉಬ್ಬುವುದಿಲ್ಲ. ಇದೆಲ್ಲ ನಿಮಗೆ ಗೊತ್ತಿರುವ ಸಂಗತಿ. ಇದರಲ್ಲಿ ಯಾವುದೂ ನಿನ್ನೆಯಂತೆ ಇವತ್ತು ಇರುವುದಿಲ್ಲ ಎನ್ನುವುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಗಿರಣಿಯಿಂದ ಬಂದ ಮೊದಲ ದಿನದ ಹಿಟ್ಟಿಗೆ ಇರುವ ಜಿಗಿ ಹದಿನೈದನೇ ದಿನಕ್ಕೆ ಇರುವುದಿಲ್ಲ, ಕಹಿ ಸೇರಿಕೊಂಡಿರುತ್ತದೆ; ಬೀಸಿಸುವಾಗ ಒಂದು ವಾರಕ್ಕಾಗುವಷ್ಟೇ ಬೀಸಿಸುವುದು ಅದಕ್ಕೇ. ಮುಂಗಾರಿ ಜೋಳ ತೆನೆ ಬಲಿಯುವಾಗ ಮಳೆಗೆ ಸಿಕ್ಕಿದರೆ ಕಾಳಿಗೆ ಬೂಸ್ಟು ಹಿಡಿದು ರೊಟ್ಟಿ ಕಪ್ಪಗಾಗುತ್ತದೆ. ಎರೆಭೂಮಿಯ ತೇವದಲ್ಲೇ ಬೆಳೆದು ಬಿಸಿಲಿಗೆ ಒಣಗಿದ ಹಿಂಗಾರಿ ಮಾಲದಂಡಿ ಜೋಳದ ರೊಟ್ಟಿ ಮುತ್ತಿನ ಬಣ್ಣಕ್ಕೆ ಬರುತ್ತದೆ, ಸಣ್ಣಗೆ ಸಿಹಿ. ಹೊಸ ಜೋಳದ ರೊಟ್ಟಿಯನ್ನೂ ಹಗೇವಿನಿಂದ ತೆಗೆದ ಹಳೇ ಜೋಳದ ರೊಟ್ಟಿಯನ್ನೂ ಕಣ್ಣು ಮುಚ್ಚಿ ಬೇರೆ ಮಾಡಿ ಹೇಳುವ ನಾಲಿಗೆಗಳು ಹಿಂದೆ ಮನೆಮನೆಗೂ ಇದ್ದವು. ಅಂಥ ನಾಲಿಗೆ ತಯಾರಾಗಬೇಕಾದರೆ ಅದೇ ಪದಾರ್ಥ ದಿನವೂ ಬಾಯಿಗೆ ಬರಬೇಕು.

ರೊಟ್ಟಿಯ ಪಕ್ಕ ಕೂರುವ ಪಲ್ಯ ಬದಲಾಗುತ್ತದಲ್ಲ, ಅದು ಹೊಸರುಚಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಬದಲಾಗುವುದು ಹೌದು, ಆದರೆ ಯಾರದೋ ಹುಕಿಗೆ ಅಲ್ಲ. ವಾರಕ್ಕೊಂದು ಸಂತೆ ಆಗುವ ಊರಿನಲ್ಲಿ ಇವತ್ತಿನ ಪಲ್ಯ ಯಾವುದು ಎಂಬುದು ಸಂತೆ ಎಷ್ಟು ದಿನದ ಹಿಂದೆ ಆಯಿತು ಎಂಬುದರ ಮೇಲೆ ನಿಂತಿದೆ. ಸಂತೆಯ ದಿನ, ಮರುದಿನ ಬಾಡುವ ಪದಾರ್ಥಗಳು: ಪುಂಡಿಪಲ್ಯ, ಮೆಂತ್ಯ, ಹಸಿಯಾಗಿಯೇ ಕಡಿಯುವ ಹಕ್ಕರಕಿ. ಅದಾದ ಮೇಲೆ ಬದನೆಕಾಯಿ ಎಣ್ಣೆಗಾಯಿ, ಚವಳಿಕಾಯಿ. ಆಮೇಲೆ ಹೆಸರುಕಾಳು, ಮಡಿಕೆಕಾಳು. ಸಂತೆಯ ಹಿಂದಿನ ದಿನ ಬುಟ್ಟಿ ಬರಿದು. ಅವತ್ತು ಕಡಲೆಹಿಟ್ಟಿನ ಜುಣಕ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಗುದ್ದಿ ಹಾಕಿಕೊಂಡರೆ ಆಯಿತು. ಈ ಕ್ರಮಕ್ಕೆ ಒಂದು ಬುದ್ಧಿ ಇದೆ. ಬೆಂಗಳೂರಿನ ದರ್ಶಿನಿಗಳವರು ‘ಉತ್ತರ ಕರ್ನಾಟಕ ಊಟ’ ಎಂದು ಕರೆದು, ಇಡೀ ವಾರವನ್ನು ಒಂದೇ ಸ್ಟೀಲ್ ತಟ್ಟೆಯೊಳಗೆ ತುರುಕುವಾಗ ಹಾಳಾಗುವುದು ಈ ಬುದ್ಧಿಯೇ. ಎಣ್ಣೆಗಾಯಿ, ಜುಣಕ, ಮಡಿಕೆಕಾಳು, ಎರಡು ಚಟ್ನಿ, ಹೋಳಿಗೆ, ಎಲ್ಲ ಒಟ್ಟಿಗೆ, ಎಲ್ಲ ಬಟ್ಟಲಿನಲ್ಲೂ ಅದೇ ಬೆಲ್ಲ ಅದೇ ಎಣ್ಣೆ. ಹುಬ್ಬಳ್ಳಿ ಯಾವುದು, ರಾಯಚೂರು ಯಾವುದು ಎಂದು ಕೇಳಿದರೆ ಸಪ್ಲೈಯರ್ ಇನ್ನೊಂದು ರೊಟ್ಟಿ ಹಾಕುತ್ತಾನೆ. ಪುಂಡಿಯ ಹುಳಿಯನ್ನು ಒಂದು ಚಮಚದ ಅಲಂಕಾರಕ್ಕೆ ಇಳಿಸಿದವರ ಮೇಲೆ ಈ ಅಂಕಣದ ಹಳೆಯ ಸಿಟ್ಟು ಇನ್ನೂ ಆರಿಲ್ಲ. ದಿನಕ್ಕೊಂದು ಹೊಸರುಚಿಯವರು ಅದೇ ತಟ್ಟೆಯ ಬಟ್ಟಲುಗಳನ್ನು ಒಂದೊಂದಾಗಿ ಬಿಡಿಸಿ ದಿನಗಳಿಗೆ ಹಂಚುತ್ತಿದ್ದಾರೆ ಅಷ್ಟೇ; ಸಂತೆಯ ಲೆಕ್ಕ ಅಲ್ಲಿಯೂ ಇಲ್ಲ.

ದಿನವೂ ರೊಟ್ಟಿಯ ಬಗ್ಗೆ ಬರೆದರೆ ಓದುವವರು ಯಾರು ಎಂಬ ಆಕ್ಷೇಪಣೆ ಸಸಾರವಾದದ್ದಲ್ಲ. ಅದಕ್ಕೆ ಉತ್ತರ ಈ ಪತ್ರಿಕೆಯಲ್ಲೇ ಇದೆ. ತುಂಗಭದ್ರಾ ಜಲಾಶಯದ ನೀರಿನ ಮಟ್ಟ ದಿನವೂ ಅಚ್ಚಾಗುತ್ತದೆ: ಗರಿಷ್ಠ 1633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಾತು ಅದೇ, ಜಾಗ ಅದೇ, ಅಕ್ಷರದ ಗಾತ್ರವೂ ಅದೇ. ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ ರೈತ ಮೊದಲು ಓದುವುದು ಅದನ್ನು. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಇಡೀ ತಾಲ್ಲೂಕು ಆ ನಾಲ್ಕು ಸಾಲನ್ನು ಉಸಿರು ಬಿಗಿಹಿಡಿದು ಓದಿತು. ಅಂಕಿಯ ಒಂದಡಿ ವ್ಯತ್ಯಾಸದಿಂದ ತನಗೆ ಏನಾಗುತ್ತದೆ ಎಂದು ಬಲ್ಲವನಿಗೆ ದಿನವೂ ಅದೇ ಸುದ್ದಿ ಬಂದರೂ ಬೇಸರವಾಗುವುದಿಲ್ಲ. ರೊಟ್ಟಿಯ ದಿನಚರಿ ಬರೆಯುವವರು ಓದುಗರಿಗೆ ಆ ಒಂದಡಿಯನ್ನು ತೋರಿಸಿಕೊಡಬೇಕು: ಇವತ್ತಿನ ಹಿಟ್ಟು ಎಷ್ಟು ದಿನದ್ದು, ಎಸರು ಎಷ್ಟು ಹಿಡಿಯಿತು, ಮೋಡ ಮುಚ್ಚಿದ ದಿನ ಕಡಕ್ ರೊಟ್ಟಿ ಯಾಕೆ ಮೆತ್ತಗಾಯಿತು, ಕಟ್ಟಿಗೆ ಒಲೆಯಿಂದ ಗ್ಯಾಸಿಗೆ ಬಂದಾಗ ಕಮರು ವಾಸನೆ ಹೋಗಿ ಏನು ಉಳಿಯಿತು. ಇಂಥ ಸಣ್ಣ ವ್ಯತ್ಯಾಸವನ್ನು ಬರೆದು ತೋರಿಸುವುದು ಹೊಸರುಚಿ ಬರೆಯುವುದಕ್ಕಿಂತ ಕಷ್ಟ, ಒಪ್ಪುತ್ತೇನೆ. ಪಣ ಎಂದ ಮೇಲೆ ಕಷ್ಟವಿರಬೇಕಲ್ಲ.

ಇದೇ ಸೀಮೆಯ ಒಂದು ಗ್ರಂಥ ನನ್ನ ಪರವಾಗಿ ಸಾಕ್ಷಿ ನುಡಿಯುತ್ತದೆ. ಮಾನ್ವಿಯ ಜಗನ್ನಾಥದಾಸರ (1728–1809) ‘ಹರಿಕಥಾಮೃತಸಾರ’ವನ್ನು ಭಕ್ತರು ಪಾರಾಯಣಕ್ಕೆ ಓದುತ್ತಾರೆ, ಊಟದ ಮೇಲೆ ಮಮತೆಯುಳ್ಳವರು ಅದರ ಭೋಜನ ರಸ ವಿಭಾಗ ಸಂಧಿಗೂ ನೈವೇದ್ಯದ ಸಂಧಿಗೂ ಬೇರೆಯಾಗಿಯೇ ಕೂರಬೇಕು. ಭಾಮಿನಿ ಷಟ್ಪದಿಯಲ್ಲಿ ದಾಸರು ಅಲ್ಲಿ ಮಾಡುವ ಕೆಲಸ ವಿಚಿತ್ರವಾದದ್ದು. ನಾಲ್ಕು ಬಗೆಯ ಭೋಜನ ಪದಾರ್ಥ, ಆರು ರಸ, ಅನ್ನ, ತುಪ್ಪ, ಹಾಲು, ಮೊಸರು, ಸೊಪ್ಪು, ಹಣ್ಣು, ಹುಳಿ, ಉಪ್ಪು: ನಿನ್ನೆಯ ಎಲೆಯಲ್ಲೂ ಇದ್ದು ನಾಳೆಯ ಎಲೆಯಲ್ಲೂ ಇರುವಂಥವೇ. ಒಂದೊಂದರ ಎದುರೂ ನಿಂತು, ಇದರಲ್ಲಿ ಯಾವ ದೇವತೆ, ಹರಿಯ ಯಾವ ರೂಪ ಎಂದು ಎಣಿಸಿ ಎಣಿಸಿ ಹೇಳುತ್ತಾರೆ. ಅಪರೂಪದ ಭಕ್ಷ್ಯವೊಂದನ್ನು ಹುಡುಕಿಕೊಂಡು ಹೋಗುವ ಚಪಲ ಆ ಕಾವ್ಯದಲ್ಲಿ ಇಲ್ಲ. ಉಪ್ಪಿಗೂ ಒಂದು ಸ್ಥಾನ, ಕುಡಿಯುವ ನೀರಿಗೂ ಒಂದು ಸ್ಥಾನ. ದ್ವೈತ ಸಿದ್ಧಾಂತವನ್ನು ಒಪ್ಪದವರೂ ಇದನ್ನು ತಿನ್ನುವವನಿಗೆ ಕೊಟ್ಟ ಪಾಠವಾಗಿ ಓದಬಹುದು: ತಟ್ಟೆಯಲ್ಲಿ ಇರುವುದನ್ನು ಪೂರ್ತಿ ನೋಡದೆ ಇನ್ನೊಂದಕ್ಕೆ ಕೈ ಹಾಕಬೇಡ. ಅಂದಹಾಗೆ ಈ ದಾಸರ ದಾಸತ್ವ ಶುರುವಾದದ್ದೇ ಒಂದು ಊಟದ ತಕರಾರಿನಿಂದ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ, ಆಗಿನ್ನೂ ಶ್ರೀನಿವಾಸಾಚಾರ್ಯರಾಗಿದ್ದ ಪಂಡಿತರು ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರಂತೆ. ನೆವ ನಿಜವಾಗಿ ನೋವು ಹಿಡಿಯಿತು. ಕೊನೆಗೆ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಕೊಟ್ಟು, ತಮ್ಮ ಆಯುಸ್ಸಿನ ನಲವತ್ತು ವರ್ಷವನ್ನೂ ಧಾರೆ ಎರೆದರು ಎಂಬುದು ದಾಸ ಪರಂಪರೆಯ ಹೇಳಿಕೆ. ಔಷಧಿಯಾಗಿ ಬಂದದ್ದು ರೊಟ್ಟಿ ಎನ್ನುವುದನ್ನು ಗಮನಿಸಿ.

ಸಂಖ್ಯೆಯ ಭಕ್ತರು ಇಲ್ಲಿ ಪುರಂದರದಾಸರನ್ನು ಮುಂದೆ ತರಬಹುದು. ಅವರು ರಚಿಸಿದ್ದು 4,75,000 ಪದಗಳು ಎಂಬ ಮಾತಿದೆಯಲ್ಲ ಎಂದು. ಸಂಪ್ರದಾಯ ಹೇಳುವ 1484ರಿಂದ 1564ರ ತನಕದ ಎಂಬತ್ತು ವರ್ಷಗಳಿಗೆ ಅದನ್ನು ಹಂಚಿದರೆ, ತೊಟ್ಟಿಲಲ್ಲಿದ್ದ ದಿನದಿಂದ ಹಿಡಿದು ದಿನಕ್ಕೆ 16 ಪದಗಳಾಗುತ್ತವೆ. ಭಕ್ತಿಯ ಲೆಕ್ಕ ಬೇರೆ, ಬಿಡಿ. ಆದರೆ ಜನ ನಾಲಿಗೆಯ ಮೇಲೆ ಉಳಿಸಿಕೊಂಡಿರುವುದು ಅದರ ಸಣ್ಣ ಪಾಲನ್ನು, ಆ ಪಾಲನ್ನೂ ಮತ್ತೆ ಮತ್ತೆ ಹಾಡಿಯೇ ಉಳಿಸಿಕೊಂಡದ್ದು.

ಇನ್ನು ಗಟ್ಟಿಯಾದ ಆಕ್ಷೇಪಣೆ. ಹಳೆಯ ಅಡುಗೆಗಳು ಮರೆಯಾಗುತ್ತಿವೆ, ದಿನಕ್ಕೊಂದರಂತೆ ದಾಖಲಿಸಿದರೆ ವರ್ಷಕ್ಕೆ 365 ಉಳಿಯುತ್ತವೆ, ನಿಮ್ಮ ರೊಟ್ಟಿಯ ಜಪದಿಂದ ಏನು ಉಳಿಯುತ್ತದೆ ಎಂದು. ಅಡುಗೆ ಮರೆಯಾಗುವುದು ಪಾಕವಿಧಾನ ಮರೆತುಹೋಗಿ ಎಂದು ಈ ವಾದ ನಂಬುತ್ತದೆ. ನಮ್ಮ ಜಿಲ್ಲೆಯ ಅನುಭವ ಹಾಗೆ ಹೇಳುವುದಿಲ್ಲ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಬಂದು, ಎಡದಂಡೆಯ ನೀರು ಹರಿದಲ್ಲೆಲ್ಲ ಎರೆಹೊಲ ಗದ್ದೆಯಾಯಿತು. ಜೋಳ ಇದ್ದಲ್ಲಿ ಸೋನಾ ಮಸೂರಿ ಬಂತು, ಅಕ್ಕಿ ಗಿರಣಿಗಳು ಎದ್ದವು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು ಬಂದದ್ದು ಎಷ್ಟೋ ತಡವಾಗಿ, ಅಲ್ಲಿ ಮಳೆಯಾಶ್ರಿತ ಜೋಳ, ಸಜ್ಜೆ, ನವಣೆಗಳ ಊಟ ಹೆಚ್ಚು ಕಾಲ ನಿಂತಿತು. ನವಣೆ ಅನ್ನ ಮಾಡುವುದು ಮಾನ್ವಿಯವರಿಗೆ ಮರೆತುಹೋದದ್ದಲ್ಲ, ನವಣೆ ಹೊಲದಿಂದ ಹೋದದ್ದು. ಜೋಳದ ಸಾಲಿನ ನಡುವೆ ತಾನೇ ಹುಟ್ಟುತ್ತಿದ್ದ ಹಕ್ಕರಕಿ ಗದ್ದೆಯಲ್ಲಿ ಹುಟ್ಟುವುದಿಲ್ಲ. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ್ದ 2023ರಲ್ಲಿ ನವಣೆ ಪಾಯಸ, ನವಣೆ ಪಲಾವು, ನವಣೆ ಕೇಕು ಎಂದು ಪಾಕಗಳ ಮಳೆಯೇ ಸುರಿಯಿತು. ವರ್ಷ ಮುಗಿಯಿತು, ಮಳೆ ನಿಂತಿತು. ಒಂದು ಸಾರಿ ಮಾಡಿ ಚಿತ್ರ ತೆಗೆದ ಅಡುಗೆ ಉಳಿದಂತಲ್ಲ. ಒಂದು ಮನೆ ತಿಂಗಳಿಗೆ ನಾಲ್ಕು ಸಲ ನವಣೆ ಉಣ್ಣಲು ಶುರುಮಾಡಿದರೆ, ಅದನ್ನು ನಾಲ್ಕೂ ಸಲ ಬರೆದರೆ, ಆಗ ಕಿರಾಣಿಯವನು ನವಣೆ ತರಿಸಿ ಇಡುತ್ತಾನೆ.

ಹೆಣ್ಣುಮಕ್ಕಳಿಗೆ ಈ ಪಣದಿಂದ ಹೆಸರೂ ನಾಲ್ಕು ಕಾಸೂ ಬರುತ್ತಿದೆ, ನೀವು ಯಾಕೆ ಅಡ್ಡ ಬರುತ್ತೀರಿ ಎಂಬ ಮಾತಿಗೆ ನಾನು ಅರ್ಧ ಸೋಲುತ್ತೇನೆ. ಬರಲಿ, ಇನ್ನೂ ಬರಲಿ. ಆದರೆ ರಾಯಚೂರಿನಲ್ಲಿ ಕಡಕ್ ರೊಟ್ಟಿ ಬಡಿದು ಎಣಿಕೆಯ ಮೇಲೆ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳನ್ನೂ ನೋಡಿ. ಅವರ ಕಸುಬು ನಿಂತಿರುವುದು ನೂರನೇ ರೊಟ್ಟಿ ಮೊದಲನೆಯದರ ಹಾಗೆಯೇ ತೆಳ್ಳಗೆ, ದುಂಡಗೆ ಇರುವುದರ ಮೇಲೆ. ಅವರ ಕೈಯನ್ನು ಯಾರೂ ದಿನವೂ ಚಿತ್ರಿಸುತ್ತಿಲ್ಲ. ಹೊಸರುಚಿಯ ಮನೆಯಲ್ಲೋ, ಒಂದು ದಿನದ ಪದಾರ್ಥಕ್ಕೆ ತಂದ ಓರಿಗಾನೋ ಡಬ್ಬಿ ಹಾಗೇ ಕೂತಿರುತ್ತದೆ, ಚಿತ್ರ ಮುಗಿದ ಮೇಲೆ ಮನೆಯವರು ರೊಟ್ಟಿ ಎಲ್ಲಿ ಎಂದು ಕೇಳುತ್ತಾರೆ, ಅದೇ ಕೈ ಎರಡನೇ ಸಲ ಒಲೆ ಹಚ್ಚಬೇಕು.

ಕೊನೆಯದಾಗಿ, ಹಂಚು ಒಲೆಗೇ ಏರದ ದಿನ ನಿಮ್ಮ ರೊಟ್ಟಿಯ ವ್ರತ ಮುರಿಯುತ್ತದಲ್ಲ ಎಂದು ಚುಚ್ಚುವವರಿಗೆ. ನಾಗರ ಪಂಚಮಿಗೆ ನಮ್ಮ ಕಡೆ ಬಹಳ ಮನೆಗಳಲ್ಲಿ ಹಂಚು ಇಡುವುದಿಲ್ಲ, ನಿಜ. ಅದಕ್ಕೇ ಮುನ್ನಾದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡಕ್ ರೊಟ್ಟಿ ಬುಟ್ಟಿ ಬುಟ್ಟಿ ತಯಾರಾಗಿ, ಪಲ್ಯ, ಚಟ್ನಿಪುಡಿ ಸಮೇತ ಮನೆಯಿಂದ ಮನೆಗೆ ಹೋಗುತ್ತವೆ. ನಮ್ಮ ಮನೆಯದು ಅವರಿಗೆ, ಅವರದು ನಮಗೆ. ಮರುದಿನದ ಬುಟ್ಟಿಯಲ್ಲಿ ಹತ್ತು ಮನೆಗಳ ಹಿಟ್ಟು, ಹತ್ತು ಕೈಗಳ ಬಡಿತ ಒಟ್ಟಿಗೆ ಇರುತ್ತವೆ. ಯಾವುದರ ಅಂಚು ಸೀಳಿದೆ, ಯಾವುದು ಹಳೇ ಹಿಟ್ಟಿನದು, ಯಾರು ಎಳ್ಳನ್ನು ಕಂಜೂಸಿತನದಿಂದ ಉದುರಿಸಿದ್ದಾರೆ ಎಂದು ಬರೆಯಲು ಕೂತರೆ ಆ ಒಂದು ದಿನಕ್ಕೆ ಈ ಅಂಕಣದ ಜಾಗ ಸಾಲುವುದಿಲ್ಲ. ಹೆಸರು ಮಾತ್ರ ಬರೆಯಬೇಡಿ, ಮುಂದಿನ ವರ್ಷವೂ ಬುಟ್ಟಿ ಬರಬೇಕು.