ಹುಲಿ ಸವಾರನ ಕಾಗದ

ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು 2009ರ ಜನವರಿ 7ರಂದು ತಮ್ಮ ಆಡಳಿತ ಮಂಡಳಿಗೆ ಬರೆದ ಪತ್ರವನ್ನು ನಮ್ಮ ಆಫೀಸಿನಲ್ಲಿ ಈಗಲೂ ಕೆಲವರು ಮೆಚ್ಚಿಕೊಂಡು ಮಾತಾಡ್ತಾರೆ. 'ಕೊನೆಗಾದ್ರೂ ಒಪ್ಕೊಂಡ್ರಲ್ಲ, ಅದೂ ದೊಡ್ಡತನವೇ' ಅಂತ. ಎರಡು ಮೂರು ಸಲ ಓದಿದ ಮೇಲೂ ನನಗೆ ಹಾಗನ್ನಿಸಲಿಲ್ಲ.

ಲೆಕ್ಕದ ಭಾಗವೇನೋ ನೇರವಾಗಿದೆ. ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಶೇ. 24 ಅಂತ ತೋರಿಸಿದ ಲಾಭ ನಿಜದಲ್ಲಿ ಶೇ. 3. ಆದರೆ ಇದು ಹೇಗಾಯ್ತು ಅನ್ನೋ ಜಾಗಕ್ಕೆ ಬಂದಾಗ ವಾಕ್ಯದ ಕರ್ತೃವೇ ಮಾಯ! ಸಣ್ಣದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಬೆಳೀತಾ ಹೋಯ್ತಂತೆ. ಹುಲಿ ಮೇಲೆ ಕೂತ ಹಾಗಾಯ್ತಂತೆ, ಇಳಿದರೆ ತಿಂದುಬಿಡುತ್ತಂತೆ. ಹತ್ತಿಸಿದ್ದು ಯಾರು ಸ್ವಾಮಿ?

ಇನ್ನು ಪತ್ರ ಬಂದ ಹೊತ್ತು ನೋಡಿ. ಮೂರು ವಾರ ಮೊದಲು, ಡಿಸೆಂಬರ್ 16ರಂದು, ತಮ್ಮ ಕುಟುಂಬದ ಮೇಟಾಸ್ ಕಂಪನಿಗಳನ್ನು ಸತ್ಯಂ ದುಡ್ಡಲ್ಲಿ ಕೊಳ್ಳೋಕೆ ಹೊರಟಿದ್ದರು. ಹೂಡಿಕೆದಾರರು ರೇಗಿದ ಮೇಲೆ ಗಂಟೆಗಳೊಳಗೆ ಕೈಬಿಟ್ಟರು. ಇಲ್ಲದ ಆಸ್ತಿಯ ಜಾಗದಲ್ಲಿ ಇರೋ ಆಸ್ತಿ ತುಂಬುವ ಕೊನೇ ಪ್ರಯತ್ನ ಅದು ಅಂತ ಪತ್ರವೇ ಹೇಳುತ್ತೆ. ಅಂದ್ರೆ ಆ ವ್ಯವಹಾರ ಕುದುರಿದ್ದರೆ ಈ ಪತ್ರ ಹುಟ್ಟುತ್ತಲೇ ಇರಲಿಲ್ಲ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಹೇಳಿದ ನಿಜಕ್ಕೆ ದೊಡ್ಡತನದ ಹೆಸರು ಯಾಕೆ?

ಕೆಟ್ಟ ಮನುಷ್ಯ ಅಂತ ಷರಾ ಬರೆದು ಮುಗಿಸೋದೂ ಸುಲಭ. ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆ ನಡೆಸಿದ್ದು ಅವರು ಕಟ್ಟಿದ ಸಂಸ್ಥೆಯೇ. ಅದೇ ವರ್ಷ ಉತ್ತಮ ಕಾರ್ಪೊರೇಟ್ ಆಡಳಿತಕ್ಕೆ ಸತ್ಯಂಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬೇರೆ. ನಾವು ಲಿಂಕ್ಡ್‌ಇನ್‌ನಲ್ಲಿ ಕಣ್ಣರಳಿಸಿ ನೋಡೋದೂ ಇಂಥವನ್ನೇ ಅಲ್ವಾ, ದಾನ, ಸರಳತೆ, ಪ್ರಶಸ್ತಿ?

ನಮ್ಮೂರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ ಮನೆ ಹಾಲಿಗೂ ಎಲ್ಲರೆದುರೇ ಫ್ಯಾಟ್ ನೋಡ್ತಾರೆ. ಅವರು ಒಳ್ಳೆಯವರೇ, ಆದ್ರೂ ನೋಡ್ತಾರೆ. 'ನಂದೂ ನೋಡ್ರಪ್ಪ' ಅಂತ ಅವರೇ ಕ್ಯಾನ್ ಮುಂದಿಡ್ತಾರೆ. ಕಮ್ಮಿ ಬಂದ ದಿನ ಕಮ್ಮಿ ಅಂತಲೇ ಬರೀತಾರೆ. ಕಂಪನಿ ನಡೆಸೋರಲ್ಲಿ ನಾನು ಹುಡುಕೋದೂ ಇಷ್ಟೇ: ಶೇ. 3 ಬಂದಾಗ, ಇನ್ನೂ ಯಾರೂ ಬೆನ್ನು ಹತ್ತಿಲ್ಲದಾಗ, 3 ಅಂತ ಹೇಳ್ತಾರಾ?

ರಾಜು ಪತ್ರದ ಕೊನೆಯಲ್ಲಿ ರಾಜೀನಾಮೆ ಇದೆ. ಜೊತೆಗೆ ಮಂಡಳಿಯ ವಿಸ್ತರಣೆ ಆಗೋವರೆಗೆ ತಾವು ಮುಂದುವರಿಯೋದಾಗಿಯೂ, ತಾತ್ಕಾಲಿಕ ಸಿಇಒ ಯಾರಾಗಬೇಕೆಂದೂ ಅವರೇ ಬರೆದಿದ್ದಾರೆ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಇಡೀ ಮಂಡಳಿಯನ್ನೇ ಕಿತ್ತುಹಾಕಿತು.