ಮೊದಲು ಶಾಕ್, ಆಮೇಲೆ ಟೈರ್

ಪಿಕಪ್ ಗಾಡಿಗೆ ಟೈರ್ ಬದಲಿಸುವ ಹೊತ್ತು ಬಂತೆಂದರೆ ಮಾಲೀಕರು ನೇರವಾಗಿ ಟೈರ್ ಅಂಗಡಿಗೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಮೊದಲು ಗಾಡಿಯ ಕೆಳಗೆ ತೂರಬೇಕು. ಹಳೆಯ ಟೈರ್ ಬಿಚ್ಚುವ ಮುಂಚೆ ಅದರ ಮೈಮೇಲೆ ನಿಧಾನವಾಗಿ ಅಂಗೈ ಆಡಿಸಿ ನೋಡಿ. ಸುತ್ತಲೂ ಒಂದೇ ಸಮನೆ ಸವೆದಿದ್ದರೆ ಅದು ನ್ಯಾಯವಾಗಿ ದುಡಿದ ಟೈರ್. ಒಂದು ತಗ್ಗು, ಒಂದು ಉಬ್ಬು, ಮತ್ತೆ ಒಂದು ತಗ್ಗು ಎಂದು ಕೈಗೆ ಸಿಕ್ಕಿದರೆ ಆ ಟೈರ್ ಓಡಿ ಸವೆದದ್ದಲ್ಲ, ರಸ್ತೆಯ ಮೇಲೆ ಕುಣಿಕುಣಿದು ಸವೆದದ್ದು. ಅದನ್ನು ಹಿಡಿದು ನಿಲ್ಲಿಸಬೇಕಾಗಿದ್ದ ಶಾಕ್ ಅಬ್ಸಾರ್ಬರ್ ಎಂದೋ ಸತ್ತಿದೆ. ಅದೇ ಶಾಕಿನ ಮೇಲೆ ಹೊಸ ಟೈರ್ ಹಾಕಿಸಿದರೆ ಕೆಲವೇ ತಿಂಗಳಲ್ಲಿ ಹೊಸದರ ಮೈಮೇಲೂ ಅದೇ ತಗ್ಗುಗಳು ಏಳುತ್ತವೆ.

ಈ ವಿಷಯಕ್ಕೆ ಚೆನ್ನೈಯ ಮಣಲಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ನಗರದ ಉತ್ತರ ತುದಿಯ ಈ ಕೈಗಾರಿಕಾ ಊರಿನ ಒಂದು ಕಡೆ ಚೆನ್ನೈ ಬಂದರು, ಇನ್ನೊಂದು ಕಡೆ ಎಣ್ಣೂರಿನ ಕಾಮರಾಜರ್ ಬಂದರು. ನಡುವೆ ಹಗಲು ರಾತ್ರಿಯೆನ್ನದೆ ಕಂಟೇನರ್ ಟ್ರೇಲರ್‌ಗಳ ಸಾಲು. ತಿರುವೊತ್ತಿಯೂರಿನಿಂದ ಪೊನ್ನೇರಿಯತ್ತ ಹೋಗುವ, ಎಲ್ಲರೂ ಟಿಪಿಪಿ ರಸ್ತೆ ಎಂದೇ ಕರೆಯುವ ದಾರಿಯಲ್ಲಿ ಒಮ್ಮೆ ಪಿಕಪ್ ಓಡಿಸಿದವರಿಗೆ ನಾನು ಹೇಳುವುದು ತಟ್ಟನೆ ಅರ್ಥವಾಗುತ್ತದೆ. ಟ್ರೇಲರ್ ಚಕ್ರಗಳು ತುಳಿದು ತುಳಿದು ಡಾಂಬರಿನಲ್ಲಿ ಉದ್ದಕ್ಕೆ ಜಾಡು ಬಿದ್ದಿರುತ್ತದೆ. ಟ್ರೇಲರಿನ ಅಗಲ ಪಿಕಪ್ಪಿಗಿಲ್ಲ. ಹಾಗಾಗಿ ನಮ್ಮ ಗಾಡಿಯ ಒಂದು ಬದಿಯ ಚಕ್ರ ಜಾಡಿನೊಳಗೆ, ಇನ್ನೊಂದು ಬದಿಯದು ದಿಬ್ಬದ ಮೇಲೆ. ಗಾಡಿ ವಾಲಿಕೊಂಡೇ ಸಾಗುತ್ತದೆ, ಒಂದು ಬದಿಯ ಟೈರ್ ಅಂಚಿನಲ್ಲಿ ಮೊದಲು ಸವೆಯುತ್ತದೆ.

ಟೈರುಗಳನ್ನು ತಿನ್ನುವ ಈ ನೆಲದಲ್ಲೇ ಅವುಗಳ ಹುಟ್ಟೂ ಇದೆ. ಪಕ್ಕದ ತಿರುವೊತ್ತಿಯೂರಿನಲ್ಲಿ 1946ರಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಆಟದ ಬಲೂನ್ ತಯಾರಿಸಲು ಹಾಕಿದ ಸಣ್ಣ ಶೆಡ್ಡೇ ಎಂಆರ್‌ಎಫ್. 1952ರಲ್ಲಿ ಟ್ರೆಡ್ ರಬ್ಬರ್‌ಗೆ ಕೈಹಾಕಿದ ಆ ಸಂಸ್ಥೆ, 1961ರಲ್ಲಿ ಅಮೆರಿಕದ ಮ್ಯಾನ್ಸ್‌ಫೀಲ್ಡ್ ಕಂಪನಿಯ ನೆರವಿನಿಂದ ಟೈರ್ ಮಾಡತೊಡಗಿತು. ಟೈರಿನ ಒಳಮೈಗೆ ಬೇಕಾದ ನೈಲಾನ್ ಹುರಿಬಟ್ಟೆಯನ್ನು ಎಸ್‌ಆರ್‌ಎಫ್ 1970ರ ದಶಕದಿಂದ ಮಣಲಿಯಲ್ಲೇ ನೇಯುತ್ತಿದೆ. ಇನ್ನು 1969ರಲ್ಲಿ ಮದ್ರಾಸ್ ರಿಫೈನರೀಸ್ ಹೆಸರಿನಲ್ಲಿ ಶುರುವಾದ ಇಲ್ಲಿನ ತೈಲಾಗಾರ, ಈಗಿನ ಸಿಪಿಸಿಎಲ್, ಪೆಟ್ರೋಲ್ ಡೀಸೆಲ್ ಅಷ್ಟನ್ನೇ ಕೊಡುವುದಿಲ್ಲ. ರಸ್ತೆಯ ಡಾಂಬರು, ಲೂಬ್ರಿಕೆಂಟುಗಳಿಗೆ ಬೇಕಾದ ಬೇಸ್ ಆಯಿಲ್, ಪ್ಯಾರಾಫಿನ್ ಮೇಣ ಎಲ್ಲವೂ ಅಲ್ಲಿಂದ ಬರುತ್ತವೆ.

ಮೇಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಟೈರ್ ಮಾಡುವಾಗ ರಬ್ಬರಿನಲ್ಲಿ ಸ್ವಲ್ಪ ಮೇಣ ಕಲಸಿರುತ್ತಾರೆ. ಚಕ್ರ ಉರುಳಿ ಪಕ್ಕದ ಗೋಡೆ ಬಾಗಿ ಬಿಚ್ಚುತ್ತಿದ್ದಂತೆ ಆ ಮೇಣ ಒಳಗಿನಿಂದ ಹೊರಮೈಗೆ ಜಿನುಗಿ ತೆಳ್ಳನೆ ಪದರವಾಗಿ ನಿಲ್ಲುತ್ತದೆ, ಗಾಳಿಯ ಓಝೋನ್ ರಬ್ಬರನ್ನು ಸೀಳದಂತೆ ಕಾಯುತ್ತದೆ. ನಿಂತಲ್ಲೇ ನಿಂತ ಗಾಡಿಯ ಟೈರ್ ಓಡುವ ಗಾಡಿಯದಕ್ಕಿಂತ ಬೇಗ ಬಿರಿಯುವುದು ಇದಕ್ಕೇ. ಚಾಸಿಯ ಕೆಳಗೆ ನೇತಾಡುವ ಸ್ಟೆಪ್ನಿಯ ಗತಿಯೂ ಇದೇ. ವಾಟರ್ ಸರ್ವಿಸ್‌ನವರು ಟೈರಿಗೆ ಬಳಿಯುವ ಎಣ್ಣೆ ಹೊಳಪು, ರಬ್ಬರನ್ನು ಕಾಯುತ್ತಿದ್ದ ಆ ಪದರವನ್ನೇ ಕರಗಿಸಿಬಿಡಬಹುದು. ದಯವಿಟ್ಟು ಬೇಡ ಎನ್ನಿ.

ಈಗ ಟೈರ್ ಆರಿಸುವ ಮಾತು. ಅಂಗಡಿಯಲ್ಲಿ ಎಲ್ಲರ ಕಣ್ಣೂ ಗ್ರಿಪ್ಪಿನ ಡಿಸೈನ್ ಮೇಲೆ. ನಾನು ನೋಡುವುದು ಪಕ್ಕದ ಗೋಡೆಯ ಬರಹ. 215/75 ಆರ್ 15 ಎಂದಿದ್ದರೆ 215 ಮಿ.ಮೀ. ಅಗಲ, ಅದರ ನೂರಕ್ಕೆ 75 ಪಾಲು ಎತ್ತರದ ಗೋಡೆ, ರೇಡಿಯಲ್ ಕಟ್ಟು, 15 ಇಂಚಿನ ಡಿಸ್ಕ್. ಇದು ಎಲ್ಲರಿಗೂ ಗೊತ್ತು. ಆದರೆ ಇದೇ ಅಳತೆಯಲ್ಲಿ ಜೀಪು, ಎಸ್‌ಯುವಿಗಳ ಟೈರೂ ಸಿಗುತ್ತದೆ, ಸಾಮಾನು ಹೊರುವ ಗಾಡಿಯದೂ ಸಿಗುತ್ತದೆ. ಡಿಸ್ಕಿಗೆ ಎರಡೂ ಕೂರುತ್ತವೆ. ವ್ಯತ್ಯಾಸ ಇರುವುದು ಅಳತೆಯ ಪಕ್ಕದ ಸಣ್ಣ ಅಂಕಿಯಲ್ಲಿ, ಅಂದರೆ ಲೋಡ್ ಇಂಡೆಕ್ಸಿನಲ್ಲಿ. 100 ಎಂದರೆ ಒಂದು ಟೈರ್ 800 ಕಿಲೋ ಹೊರಬಲ್ಲದು, 106 ಎಂದರೆ 950 ಕಿಲೋ. ಹಿಂದಿನ ಆಕ್ಸಲ್ ಮೇಲೆ ಎರಡೇ ಚಕ್ರ. ಮೊದಲನೆಯ ಜೋಡಿ 1600 ಕಿಲೋ ಹೊತ್ತರೆ ಎರಡನೆಯದು 1900 ಹೊರುತ್ತದೆ. ನಡುವಿನ 300 ಕಿಲೋ ಎಂದರೆ 50 ಕಿಲೋ ಗೊಬ್ಬರದ ಆರು ಮೂಟೆ. ಅಗ್ಗಕ್ಕೆ ಸಿಕ್ಕಿತೆಂದು ಎಸ್‌ಯುವಿ ಟೈರ್ ಹಾಕಿಸಿದ ಗಾಡಿ ಆ ಆರು ಮೂಟೆಯನ್ನು ಹೊರುವುದು ಟೈರಿನ ಆಯಸ್ಸಿನ ಮೇಲೆ.

8 ಪಿಆರ್ ಎಂಬ ಬರಹವನ್ನೂ ಹಲವರು ಎಂಟು ಪದರ ಎಂದೇ ನಂಬಿದ್ದಾರೆ. ಅದು ಬಲದ ದರ್ಜೆ ಮಾತ್ರ. ಇಂದಿನ ರೇಡಿಯಲ್‌ನೊಳಗೆ ಎಂಟು ಪದರ ಇರಬೇಕಿಲ್ಲ, ಉಕ್ಕಿನ ತಂತಿಯ ಪಟ್ಟಿಗಳು ಆ ಕೆಲಸ ಮಾಡುತ್ತವೆ. ಆದರೆ ಆ ಬಲ ಗಾಳಿಯಿದ್ದರೆ ಮಾತ್ರ. ಈ ದರ್ಜೆಯ ಟೈರ್ ತನ್ನ ಪೂರ್ತಿ ಭಾರ ಹೊರುವುದು 65 ಪಿಎಸ್‌ಐ ಆಸುಪಾಸಿನಲ್ಲಿ. ಕಾರಿನ ಲೆಕ್ಕದಲ್ಲಿ 35 ಹಾಕಿಸಿಕೊಂಡು ಮೇ ತಿಂಗಳ ಬಿಸಿಲಲ್ಲಿ ಲೋಡು ಹೊತ್ತು ಬೆಂಗಳೂರು ಹೆದ್ದಾರಿಗೆ ಬಿದ್ದರೆ ಗೋಡೆ ಮಡಚಿ ಮಡಚಿ ಒಳಗೊಳಗೇ ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ. ಬಾಗಿಲ ಹತ್ತಿರದ ಚೀಟಿಯಲ್ಲಿ ಕಂಪನಿ ಬರೆದಿರುವ ಅಂಕಿಯೇ ಪ್ರಮಾಣ. ಗಾಡಿ ತಣ್ಣಗಿರುವಾಗ ಅಳೆಸಿ.

ನೈಲಾನೋ ರೇಡಿಯಲ್ಲೋ ಎಂಬ ಹಳೆಯ ಜಗಳ ಇನ್ನೂ ಮುಗಿದಿಲ್ಲ. ಗುಂಡಿ, ಕಲ್ಲು, ಮಿತಿಮೀರಿದ ಲೋಡು ಎಂದರೆ ನೈಲಾನೇ ಎನ್ನುವ ಹಿರಿಯ ಡ್ರೈವರುಗಳ ಮಾತಿನಲ್ಲಿ ಹುರುಳಿದೆ, ಅದರ ಗೋಡೆ ಗಟ್ಟಿ. ಆದರೆ ಲೋಡು ಹೇರಿ ರಾತ್ರಿಯಿಡೀ ನಿಲ್ಲಿಸಿದ ನೈಲಾನ್ ಟೈರ್ ನೆಲ ತಾಗಿದಲ್ಲಿ ಚಪ್ಪಟೆಯಾಗಿ, ಬೆಳಗ್ಗೆ ಮೊದಲ ಕೆಲವು ಕಿಲೋಮೀಟರ್ ದಡದಡ ಎನ್ನುತ್ತದೆ. ಬಿಸಿಯೂ ಬೇಗ ಏರುತ್ತದೆ. ಹೆದ್ದಾರಿಯ ಬಾಡಿಗೆ ಮಾಡುವ ಪಿಕಪ್ಪಿಗೆ ರೇಡಿಯಲ್ಲೇ ಸರಿ ಎಂಬುದು ನನ್ನ ತೀರ್ಮಾನ. ಉದ್ದ ಗೆರೆಯ ಡಿಸೈನ್ ಸಾಕು. ದಪ್ಪ ದಪ್ಪ ಬಟನ್ ಟೈರ್ ಕಲ್ಲುಕ್ವಾರಿಗೆ ಹೋಗುವವರಿಗೆ ಇರಲಿ, ಟಾರು ರಸ್ತೆಯಲ್ಲಿ ಅದು ಸದ್ದು ಮಾಡುತ್ತದೆ, ಡೀಸೆಲ್ ಕುಡಿಯುತ್ತದೆ. ಐಎಸ್‌ಐ ಗುರುತು, ತಯಾರಾದ ವಾರ ಮತ್ತು ವರ್ಷದ ನಾಲ್ಕಂಕಿ ನೋಡದೆ ದುಡ್ಡು ಕೊಡಬೇಡಿ. 2325 ಎಂದರೆ 2025ನೇ ಇಸವಿಯ 23ನೇ ವಾರ.

ಶಾಕಿನ ವಿಷಯಕ್ಕೆ ಬಂದರೆ ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಶಾಕ್ ಭಾರ ಹೊರುವುದಿಲ್ಲ. ಭಾರ ಹೊರುವುದು ಕಮಾನು ಪಟ್ಟಿ. ಗುಂಡಿಗೆ ಬಿದ್ದ ಪಟ್ಟಿ ಬಾಗಿ, ಮತ್ತೆ ಚಿಮ್ಮಿ, ಮತ್ತೆ ಬಾಗುತ್ತದೆ. ಆ ಚಿಮ್ಮುವಿಕೆಯನ್ನು ಅಡಗಿಸುವುದಷ್ಟೇ ಶಾಕಿನ ಕೆಲಸ. ಒಳಗೆ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು. ಆ ತೂತುಗಳಲ್ಲಿ ನುಸುಳಲು ಎಣ್ಣೆ ಪಡುವ ಪಾಡೇ ಗಾಡಿಯ ಕುಣಿತವನ್ನು ಬಿಸಿಯಾಗಿ ಮಾಡಿ ಹೊರಗೆ ಹಾಕುತ್ತದೆ. ಆದ್ದರಿಂದ ಶಾಕನ್ನು ಪರೀಕ್ಷಿಸಲು ಕೈಯೇ ಸಾಕು. ಗುಂಡಿ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಸೈಲೆನ್ಸರಿಗೆ ತಾಗದಂತೆ ನಾಲ್ಕೂ ಶಾಕುಗಳ ಮೈ ಮುಟ್ಟಿ ನೋಡಿ. ಬೆಚ್ಚಗಿರುವುದು ದುಡಿಯುತ್ತಿದೆ. ತಣ್ಣಗಿರುವುದು ಸುಮ್ಮನೆ ನೇತಾಡುತ್ತಿದೆ.

ಹೊಸೂರಿನ ಕಡೆಯಿಂದ ಚೆನ್ನೈಯ ಕೋಯಂಬೇಡು ಮಾರುಕಟ್ಟೆಗೆ ಟೊಮೆಟೊ, ಎಲೆಕೋಸು ತರುವ ಪಿಕಪ್ಪುಗಳನ್ನೇ ನೋಡಿ. 2011ರಿಂದ ಹೊಸೂರಿನಲ್ಲೇ ತಯಾರಾಗುತ್ತಿರುವ ಅಶೋಕ್ ಲೇಲ್ಯಾಂಡ್ ದೋಸ್ತ್ ಗಾಡಿಗಳು ಅವುಗಳಲ್ಲಿ ಎಷ್ಟೋ. ತರಕಾರಿ ಇಳಿಸಿ, ವಾಪಸು ಲೋಡಿಗೆಂದು ಮಣಲಿಗೆ ಬರುವ ಆ ಖಾಲಿ ಹಾದಿಯೇ ಶಾಕಿಗೆ ಅತಿ ಕಷ್ಟದ್ದು. ಟನ್ನುಗಟ್ಟಲೆ ಭಾರಕ್ಕೆಂದು ಕಟ್ಟಿದ ಪಟ್ಟಿ ಖಾಲಿ ತೊಟ್ಟಿಗೆ ಬಾಗುವುದೇ ಇಲ್ಲ, ಹಿಂಬದಿ ಚಕ್ರ ನೆಲ ಬಿಟ್ಟು ಹಾರುತ್ತದೆ. ಟೈರಿನ ಮೇಲಿನ ತಗ್ಗುಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಲೋಡು ತಡೆಯಲೆಂದು ಒಂದು ಪ್ಲೇಟು ಜಾಸ್ತಿ ಹಾಕಿಸಿಕೊಂಡವರ ಪಾಡು ಇನ್ನೂ ಬೇರೆ. ಗಾಡಿ ಎತ್ತರವಾಗುತ್ತದೆ, ಶಾಕಿನ ಉದ್ದ ಮಾತ್ರ ಅಷ್ಟೇ. ಚಕ್ರ ಇಳಿಬಿದ್ದಾಗಲೆಲ್ಲ ಶಾಕ್ ತನ್ನ ಕೊನೆ ಮುಟ್ಟಿ ಜಗ್ಗಿ, ಬುಷ್ ಹರಿದು, ಸೀಲ್ ಹೋಗುತ್ತದೆ. ಪ್ಲೇಟು ಹಾಕಿಸಲೇಬೇಕೆಂದರೆ ಆ ಎತ್ತರಕ್ಕೆ ತಕ್ಕ ಉದ್ದದ ಶಾಕನ್ನೇ ಹುಡುಕಿ.

ಗ್ಯಾಸ್ ಶಾಕಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಈ ದಾರಿಗಳಿಗೆ ಕೊಡಿ ಎನ್ನುತ್ತೇನೆ. ಬಿಡುವಿಲ್ಲದ ಕುಲುಕಾಟದಲ್ಲಿ ಬರೀ ಎಣ್ಣೆಯ ಶಾಕಿನೊಳಗೆ ಗಾಳಿ ಬೆರೆತು ನೊರೆಯೇಳುತ್ತದೆ, ನೊರೆಗೆ ತಡೆಯುವ ಶಕ್ತಿಯಿಲ್ಲ. ನೈಟ್ರೋಜನ್ ಒತ್ತಡವಿರುವ ಶಾಕಿನಲ್ಲಿ ನೊರೆ ಏಳುವುದು ಕಡಿಮೆ. ಒಂದು ಆಕ್ಸಲ್ಲಿಗೆ ಎರಡನ್ನೂ ಒಟ್ಟಿಗೇ ಬದಲಿಸಿ. ಜೋಡಿಸುವಾಗ ಪಕ್ಕದಲ್ಲೇ ನಿಲ್ಲಿ. ಎರಡು ಕೊಳವೆಯ ಶಾಕು ಅಂಗಡಿಯಲ್ಲಿ ಅಡ್ಡ ಮಲಗಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿದರೆ ಗಾಳಿ ಹೊರಟುಹೋಗಿ ಎಳೆತ ಒಂದೇ ಸಮ ಆಗುತ್ತದೆ, ಅದು ಕೈಗೇ ಗೊತ್ತಾಗುತ್ತದೆ. ಇನ್ನೊಂದು ವಿಷಯ ಒಳ್ಳೆಯ ಮೆಕ್ಯಾನಿಕ್ಕುಗಳೂ ಮರೆಯುವಂಥದ್ದು: ಗಾಡಿ ಜಾಕಿನ ಮೇಲಿರುವಾಗ ಬುಷ್ ಬೋಲ್ಟುಗಳನ್ನು ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಚಕ್ರ ಇಳಿದು ನಿಂತಾಗ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ನೆಲದ ಮೇಲೆ ನಾಲ್ಕೂ ಚಕ್ರ ಊರಿದ ಮೇಲೆಯೇ ಕೊನೆಯ ಬಿಗಿತ.

ಮಳೆಗಾಲದ ಮಾತು ಬೇರೆ. ಚೆನ್ನೈಗೆ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕೇಂದ್ರ ಮೋಟಾರು ವಾಹನ ನಿಯಮ 1.6 ಮಿ.ಮೀ. ಗ್ರಿಪ್ ಇದ್ದರೆ ಸಾಕೆನ್ನುತ್ತದೆ, ನಾನು 3 ಮಿ.ಮೀ.ಗೇ ಬದಲಿಸಿ ಎನ್ನುತ್ತೇನೆ. ನಿಂತ ನೀರಿನಲ್ಲಿ ಆ ಸಣ್ಣ ಅಂತರವೇ ಬ್ರೇಕ್ ಹಿಡಿಯುವುದಕ್ಕೂ ಜಾರುವುದಕ್ಕೂ ನಡುವಿನ ಅಂತರ. ಎರಡೇ ಹೊಸ ಟೈರ್ ಕೊಳ್ಳುವ ಶಕ್ತಿಯಿದ್ದರೆ ಅವನ್ನು ಹಿಂದಕ್ಕೇ ಹಾಕಿಸಿ, ಖಾಲಿ ಪಿಕಪ್ ಮಳೆಯಲ್ಲಿ ಮೊದಲು ಜಾರುವುದು ಹಿಂಬದಿಯೇ. 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿ ಮಣಲಿ, ಎಣ್ಣೂರಿನ ನೆರೆನೀರಿನೊಂದಿಗೆ ಎಣ್ಣೆಯೂ ಹರಿದು ಮನೆ, ದೋಣಿ, ಬಲೆಗಳಿಗೆ ಮೆತ್ತಿಕೊಂಡದ್ದು ಎಲ್ಲರಿಗೂ ನೆನಪಿದೆ. ಎಣ್ಣೆ ತಾಗಿದ ಟೈರ್ ರಬ್ಬರ್ ಊದಿ ಮೆತ್ತಗಾಗುತ್ತದೆ. ಅಂಥ ನೀರಿನಲ್ಲಿ ನಿಂತ ಗಾಡಿಯ ಟೈರುಗಳನ್ನು ಸೋಪು ನೀರಿನಲ್ಲಿ ಕೂಡಲೇ ತೊಳೆದು, ಗೋಡೆ, ಬುಷ್ ಎಲ್ಲವನ್ನೂ ಉಗುರಿನಿಂದ ಒತ್ತಿ ನೋಡಬೇಕು.

ಹೊಸ ಶಾಕ್, ಹೊಸ ಟೈರ್ ಹಾಕಿಸಿದ ದಿನವೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮುಗಿಸಿಕೊಳ್ಳಿ. ಲೋಡು ಹೇರಿ ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ. ಪಟ್ಟಿಗೆ ಕೈಹಾಕಿದ್ದರೆ ಯು-ಬೋಲ್ಟುಗಳನ್ನೂ.