ಇಗರ್ಜಿಯ ಒಂದು ವರ್ಷ, ನಮ್ಮ ಕತೆಗಳ ಒಂದು ದಿನ

ಶಾಲೆಯಲ್ಲಿ ಉರ್ದು ಕಲಿತ ನಮಗೆ ಕ್ರೈಸ್ತರ ಪ್ರಾರ್ಥನಾ ಮಂದಿರವೆಂದರೆ 'ಗಿರ್ಜಾಘರ್'. ಕನ್ನಡ ಕಾದಂಬರಿಗಳನ್ನು ಓದತೊಡಗಿದ ಮೇಲೆ ಅದೇ 'ಇಗರ್ಜಿ'ಯಾಯಿತು. ಎರಡೂ ಶಬ್ದಗಳು ಪೋರ್ಚುಗೀಸರ 'ಇಗ್ರೇಜಾ'ದಿಂದ ಹುಟ್ಟಿದ ಒಡಹುಟ್ಟುಗಳೆಂದು ಗೊತ್ತಾದದ್ದು ಬಹಳ ತಡವಾಗಿ. ಶಬ್ದ ನಮ್ಮ ಎರಡೂ ಭಾಷೆಗಳ ಒಳಗೆ ಬಂದು ಕೂತಿದೆ. ಆ ಶಬ್ದದೊಳಗಿನ ಬದುಕು ಮಾತ್ರ ಹೊರಗೇ ಉಳಿದಿದೆ.

ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಕಡೆಯ ನಮ್ಮ ವರ್ಷಕ್ಕೆ ಅದರದೇ ಆದ ಲೆಕ್ಕವಿದೆ. ಕಾರಹುಣ್ಣಿಮೆಗೆ ಎತ್ತುಗಳ ಸಿಂಗಾರ, ಮೊಹರಮ್ಮಿಗೆ ಪಂಜಾ ಹಿಡಿಯುವ ಎಲ್ಲ ಜಾತಿಯ ಕೈಗಳು, ಎಳ್ಳಮಾಸಿಗೆ ಹೊಲದಲ್ಲಿ ಚರಗ, ಮುಂದೆ ಚಿಂಚಲಿ ಮಾಯಕ್ಕನ ಜಾತ್ರೆ, ಇವುಗಳ ನಡುವೆ ಕಬ್ಬಿನ ಕಟಾವು. ಲಿಂಗಾಯತರು, ಜೈನರು, ಕುರುಬರು, ಮುಸ್ಲಿಮರು ಒಬ್ಬರ ದಿನವನ್ನು ಇನ್ನೊಬ್ಬರು ಬಲ್ಲರು. ಕ್ರಿಸ್‌ಮಸ್ ಮಾತ್ರ ನಮಗೆ ಕ್ಯಾಲೆಂಡರಿನಲ್ಲಿ ಕಾಣುವ ಒಂದು ಕೆಂಪು ಅಂಕಿ. ಇಗರ್ಜಿಯ ಗಂಟೆ ಕೇಳಿ ಬೆಳೆದವರಲ್ಲ ನಾವು. ಹೀಗಾಗಿ ಕ್ರೈಸ್ತರನ್ನು ನಾವು ಅರಿತದ್ದು ಹೆಚ್ಚಾಗಿ ಕನ್ನಡ ಸಾಹಿತ್ಯದ ಮೂಲಕವೇ. ಆ ಸಾಹಿತ್ಯ ನಮಗೆ ಏನನ್ನು ತೋರಿಸಿತು ಎಂಬುದೇ ಇಲ್ಲಿಯ ಪ್ರಶ್ನೆ.

1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ನೋಡಿ. ಬೇಸಾಯಕ್ಕೆ ತುಂಡು ಭೂಮಿ ಬೇಕೆಂಬ ಹಂಬಲದಲ್ಲಿ ಚೋಮ ಕ್ರೈಸ್ತನಾಗಲು ಹೊರಡುತ್ತಾನೆ. ತನ್ನ ದೈವ ಪಂಜುರ್ಲಿಯ ನೆನಪು ಅವನನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕರೆಯುತ್ತದೆ. ಭೂಮಿಯಿಲ್ಲದವನಿಗೆ ದೇವರನ್ನು ಬದಲಿಸುವುದೂ ಒಂದು ಹೊಟ್ಟೆಪಾಡಿನ ಪ್ರಶ್ನೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕೃತಿ ಕನ್ನಡದಲ್ಲಿ ಇನ್ನೊಂದಿಲ್ಲ. ಆದರೆ ಚೋಮನ ಮಗ ಗುರುವ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಆ ಬಾಗಿಲನ್ನು ದಾಟಿಯೇ ಬಿಡುತ್ತಾನಲ್ಲ, ಅವನ ಮುಂದಿನ ವರ್ಷಗಳೇನಾದವು? ಯಾವ ಬೆಂಚಿನಲ್ಲಿ ಅವನನ್ನು ಕೂರಿಸಿದರು? ಅಲ್ಲಿಯೂ ಅವನ ಜಾತಿ ಅವನ ಹಿಂದೆ ಬಂತೇ? ಕಾದಂಬರಿ ಅವನ ಹಿಂದೆ ಹೋಗುವುದಿಲ್ಲ. ಅದು ಚೋಮನ ಜೊತೆ ಗುಡಿಸಲಿಗೆ ಮರಳುತ್ತದೆ.

1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಕುವೆಂಪು ಪಾದ್ರಿ ಜೀವರತ್ನಯ್ಯನನ್ನು ಬೈಸಿಕಲ್ಲಿನೊಂದಿಗೆ ಮಲೆನಾಡಿಗೆ ತಂದರು. ಊರವರ ಬಾಯಲ್ಲಿ ಅದು 'ಬೀಸೆಕಲ್ಲು'. ಹೊಸ ಕಾಲವನ್ನು ಕಂಡು ಬೆರಗಾಗುವ, ನಗುವ, ಹೆದರುವ ಒಂದು ನಾಡೇ ಆ ಸವಾರಿಯಲ್ಲಿದೆ. ಅಲ್ಲಿಯೂ ಕತೆಯ ಕುತೂಹಲ ಒಂದೇ. ದೇವಯ್ಯ ಕಿಲಸ್ತರವನಾಗುತ್ತಾನೋ ಇಲ್ಲವೋ?

ಈ ಇಬ್ಬರು ದೊಡ್ಡವರ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ಅವರು ಬರೆಯಹೊರಟದ್ದು ಬೇರೆಯೇ ಬದುಕನ್ನು. ಆದರೆ ಇಂಥ ಕೃತಿಗಳನ್ನು ಓದಿ ಬೆಳೆದ ಕನ್ನಡ ಓದುಗನ ಮನಸ್ಸಿನಲ್ಲಿ ಇಗರ್ಜಿ ಎಂದರೆ ಒಂದು ಬಾಗಿಲಾಗಿ ಉಳಿಯಿತು. ಯಾರು ಒಳಗೆ ಹೋದರು, ಯಾರು ಹೋಗದೆ ಉಳಿದರು ಎಂದು ಲೆಕ್ಕ ಇಡುವ ಬಾಗಿಲು. ಆ ಬಾಗಿಲ ಒಳಗೆ ಹುಟ್ಟಿ, ಅಲ್ಲೇ ಜಗಳಾಡಿ, ಅಲ್ಲೇ ಮಣ್ಣಾಗುವ ಜನರೂ ಇದ್ದಾರೆ, ಅವರಿಗೂ ಹನ್ನೆರಡು ತಿಂಗಳಿವೆ ಎಂಬುದು ನೆನಪಾಗಲಿಲ್ಲ.

ಅದನ್ನು ನೆನಪಿಸಿದವರಲ್ಲಿ ಮುಖ್ಯರು 2025ರ ಜನವರಿ 5ರಂದು ತೀರಿಕೊಂಡ ನಾ. ಡಿಸೋಜ. ಹೆಚ್ಚಿನವರಿಗೆ ಅವರು ಮುಳುಗಡೆಯ ಲೇಖಕ, ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ 'ದ್ವೀಪ'ದ ಲೇಖಕ. ಸಾಗರದ ಈ ಮನುಷ್ಯ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತ ಶರಾವತಿಯ ನೀರಿನಲ್ಲಿ ಮುಳುಗಿದ ಊರುಗಳನ್ನು ಕಂಡವರು, ಅವುಗಳ ಬಗ್ಗೆ ಬರೆದವರು. ಅದೇ ಕಣ್ಣಿನಿಂದ ಅವರು ತಮ್ಮ ಜನರನ್ನೂ ಕಂಡರು. ಘಟ್ಟದ ಕೆಳಗಿನಿಂದ ಮಲೆನಾಡಿಗೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರ ಕಾದಂಬರಿಗೆ ಅವರಿಟ್ಟ ಹೆಸರು 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು'.

ಈ ಹೆಸರಿನಲ್ಲಿಯೇ ಒಂದು ನಿಲುವಿದೆ. ಇಗರ್ಜಿ ನಡುವೆ ಇದೆ, ನಿಜ. ಆದರೆ ಎಣಿಕೆಗೆ ಸಿಗುವುದು ಮನೆಗಳು. ನೂರಲ್ಲ, ಸಾವಿರವಲ್ಲ, ಹತ್ತು. ಹತ್ತು ಮನೆ ಎಂದ ಕೂಡಲೇ 'ಕ್ರೈಸ್ತರು' ಎಂಬ ದೊಡ್ಡ ಶಬ್ದ ಒಡೆದು ಹೋಗುತ್ತದೆ. ಹತ್ತು ಒಲೆಗಳು, ಹತ್ತು ಸಾಲಗಳು, ಮದುವೆಗೆ ಬಂದ ಹೆಣ್ಣುಮಕ್ಕಳು, ಕುಡಿತಕ್ಕೆ ಬಿದ್ದ ಗಂಡಸರು ಕಾಣತೊಡಗುತ್ತಾರೆ. ಮಸೀದಿಯ ಸುತ್ತಲಿನ ಮೊಹಲ್ಲಾದಲ್ಲಿ ಬದುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಜಮಾತು ಇದ್ದರೆ ಅಲ್ಲಿ ಧರ್ಮಕೇಂದ್ರ, ನಮ್ಮಲ್ಲಿ ಮುತವಲ್ಲಿ ಇದ್ದರೆ ಅಲ್ಲಿ ಗುರಿಕಾರ. ನಡುವೆ ಇರುವ ಕಟ್ಟಡ ಆಸರೆಯೂ ಹೌದು, ಕಾವಲೂ ಹೌದು. ಸತ್ತಾಗ ಹೆಗಲು ಕೊಡುವ ಜನವೇ ತಪ್ಪಿದಾಗ ಬಾಯಿಗೂ ಬರುತ್ತಾರೆ.

ಆ ಜನರ ವರ್ಷವನ್ನು ಒಮ್ಮೆ ನಮ್ಮ ವರ್ಷದ ಪಕ್ಕದಲ್ಲಿಟ್ಟು ನೋಡೋಣ. 2025ರಲ್ಲಿ ನಮ್ಮ ರಮಜಾನ್ ಉಪವಾಸ ಮಾರ್ಚ್ 2ರಂದು ಶುರುವಾಯಿತು. ಮೂರು ದಿನ ಕಳೆದು 5ರಂದು ಅವರ ಬೂದಿ ಬುಧವಾರ. ಮನುಷ್ಯ ಮಣ್ಣಿನವನು, ಮಣ್ಣಿಗೇ ಹೋಗುವವನು ಎಂದು ನೆನಪಿಸಿ ಗುರುಗಳು ಹಣೆಗೆ ಬೂದಿ ಹಚ್ಚುತ್ತಾರೆ. ಗೋರಿಗೆ ಮೂರು ಹಿಡಿ ಮಣ್ಣು ಹಾಕುವ ನಮಗೆ ಇದು ಅಪರಿಚಿತ ಮಾತೇನಲ್ಲ. ಆ ಸಲ ಎರಡೂ ಸಮುದಾಯಗಳು ಒಂದೇ ತಿಂಗಳಲ್ಲಿ ಹಸಿದು ಕೂತಿದ್ದವು. ನಮ್ಮ ಈದ್ ಮಾರ್ಚ್ 31ಕ್ಕೆ, ಅವರ ಪಾಸ್ಕ ಹಬ್ಬ ಏಪ್ರಿಲ್ 20ಕ್ಕೆ. ನಾವು ಚಂದ್ರನನ್ನು ಕಂಡು ಹಬ್ಬ ಮಾಡಿದರೆ ಅವರ ಪಾಸ್ಕವೂ ಹುಣ್ಣಿಮೆಯ ಲೆಕ್ಕದಲ್ಲೇ ಬರುತ್ತದೆ. ಸೆಪ್ಟೆಂಬರ್ 8ರಂದು ಕರಾವಳಿಯ ಕೊಂಕಣಿ ಕ್ರೈಸ್ತರು ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಹೊಸ ತೆನೆ ತಂದು, ಹೊಸ ಅಕ್ಕಿ ಉಣ್ಣುತ್ತಾರೆ. ಇದು ಒಕ್ಕಲುತನದ ಹಬ್ಬವಲ್ಲದೆ ಮತ್ತೇನು? ನವೆಂಬರ್ 2ಕ್ಕೆ ಸತ್ತವರ ಸಮಾಧಿಗೆ ಮೇಣದಬತ್ತಿ ಹಚ್ಚುತ್ತಾರೆ. ನಾವು ಷಬೇಬರಾತಿನ ರಾತ್ರಿ ಕಬರಸ್ತಾನಕ್ಕೆ ಹೋಗುತ್ತೇವೆ.

ಎಲ್ಲ ಧರ್ಮಗಳೂ ಒಂದೇ ಎಂಬ ಸಭೆಯ ಭಾಷಣಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವು ಒಂದೇ ಅಲ್ಲ. ಒಂದು ಜನವನ್ನು ಅವರ ವರ್ಷದ ಮೂಲಕ ಅರಿತರೆ ಅವರನ್ನು ಸುಲಭವಾಗಿ ಭೂತ ಮಾಡಲಾಗದು ಎಂಬುದಷ್ಟೇ ನಮ್ಮ ಮಾತು. 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ, ನಮ್ಮದೇ ಜಿಲ್ಲೆಯ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ತಡೆಯ ವಿಧೇಯಕ ವಿಧಾನಸಭೆಯ ಒಪ್ಪಿಗೆ ಪಡೆಯಿತು. 2022ರಲ್ಲಿ ಕಾನೂನಾಯಿತು. 2023ರ ಜೂನಿನಲ್ಲಿ ಹೊಸ ಸರಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ದಿನಗಳ ಚರ್ಚೆಯ ತುಂಬ ಇದ್ದದ್ದು ಅದೇ ಹಳೆಯ ಬಾಗಿಲು. ಒಳಗೆ ತೊಟ್ಟಿಲು ಕಟ್ಟಿ, ಗೋದಲಿ ಮಾಡಿ, ಮಕ್ಕಳಿಗೆ ಹೊಸ ಅಂಗಿ ಹೊಲಿಸುತ್ತಿದ್ದ ಮನೆಗಳನ್ನು ಯಾರೂ ನೋಡಲಿಲ್ಲ.

ಈಗ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. ಮುಸ್ಲಿಮರನ್ನು ಕುರಿತ ಕನ್ನಡ ಕತೆಗೂ ಇಂಥದೇ ಒಂದು ಬಾಗಿಲಿದೆ. ಅದು ತಲಾಕಿನ ಬಾಗಿಲು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದಾಗ ಅದನ್ನು ತೆರೆಯುವುದಕ್ಕೆ ದೊಡ್ಡ ಎದೆ ಬೇಕಿತ್ತು. ನಾದಿರಾಳ ಸಂಕಟ ಒಂದು ದಿನದ ಮದುವೆಯ ಸುತ್ತ ಬಿಗಿಯುತ್ತದೆ, ಅದು ಬಿಗಿಯಲೇಬೇಕಿತ್ತು. ಆದರೆ ನಂತರ ಬಂದ ನಮ್ಮಂಥವರು ಆ ಒಂದು ದಿನವನ್ನೇ ಮತ್ತೆ ಮತ್ತೆ ಬರೆದೆವು. ಓದುಗರು ಅದನ್ನೇ ಕೇಳಿದರು, ನಾವು ಅದನ್ನೇ ಕೊಟ್ಟೆವು. ಉಳಿದ 364 ದಿನಗಳೆಲ್ಲಿ? ಜಮಾತಿನ ಚಂದಾ ಕಟ್ಟಲಾಗದವನ ನಾಚಿಕೆ, ಪೇಶ್ ಇಮಾಮರ ಸಣ್ಣ ಸಂಬಳ, ರಮಜಾನಿನಲ್ಲಿ ಕಬ್ಬು ಕಡಿಯುವವನ ಒಣಗಿದ ಗಂಟಲು ಎಷ್ಟು ಕತೆಗಳಲ್ಲಿ ಬಂದಿವೆ? ಬೊಳುವಾರು ತಮ್ಮ ಮುತ್ತುಪ್ಪಾಡಿಯನ್ನು ಕಟ್ಟಿ ಒಂದು ಇಡೀ ಊರಿನ ಬದುಕನ್ನು ತೋರಿಸಿದರು. ಆ ದಾರಿಯಲ್ಲಿ ಹೋದವರು ಕಡಿಮೆ.

ಒಳಗಿನ ಕೊಳೆಯನ್ನು ಬರೆದರೆ ಹೊರಗಿನ ವೈರಿಗೆ ಕಲ್ಲು ಕೊಟ್ಟಂತೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಈ ಭಯ ಸುಳ್ಳಲ್ಲ, ನಾವೂ ಅದನ್ನು ಉಂಡವರೇ. ಆದರೆ ಕಲ್ಲಾಗುವುದು ಒಂದು ದಿನದ ಕತೆ. ಇಡೀ ವರ್ಷವನ್ನು ಬರೆದಾಗ ಅದರಲ್ಲಿ ಕೊಳೆಯೂ ಇರುತ್ತದೆ, ಕೊಳೆ ತೊಳೆಯುವ ಕೈಗಳೂ ಇರುತ್ತವೆ. ಅಂಥದನ್ನು ಎತ್ತಿ ಎಸೆಯುವುದು ಯಾರಿಗೂ ಅಷ್ಟು ಸುಲಭವಲ್ಲ.

ಡಿಸೋಜರು ಹತ್ತು ಮನೆಗಳನ್ನು ಎಣಿಸಿ ಹೋದರು. ಕಬ್ಬೂರಿನಂಥ ಊರುಗಳಲ್ಲಿ ಮಸೀದಿಯ ಸುತ್ತಲೂ ಮನೆಗಳಿವೆ. ನಮ್ಮ ಎಣಿಕೆ ಇನ್ನೂ ಶುರುವಾಗಬೇಕಾಗಿದೆ.